ಹಳೆಯ ವಿಮಾಪತ್ರಗಳು ಮತ್ತು ಮಾಲಿನ್ಯ ನಿವಾರಣೆ

ದಶಕಗಳ ಹಿಂದೆ ಕೊಂಡ ಸಾಮಾನ್ಯ ಹೊಣೆಗಾರಿಕೆಯ ವಿಮಾಪತ್ರಗಳ ಬಲದಿಂದ, ವಿಷಪೂರಿತವಾದ ನೆಲಜಲಗಳ ಶುದ್ಧೀಕರಣಕ್ಕೆ ಹಣ ಪಡೆಯುವ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದ ಕ್ರಮ. ಹೂತಿಟ್ಟ ರಾಸಾಯನಿಕ ತ್ಯಾಜ್ಯದಿಂದಾದ ಲವ್ ಕೆನಾಲ್ ದುರಂತದ ತರುವಾಯ 1980ರಲ್ಲಿ ಬಂದ ಸೂಪರ್‌ಫಂಡ್ ಶಾಸನವು, ತ್ಯಾಜ್ಯ ಸುರಿದಂದು ಅದು ನಿಷಿದ್ಧವಾಗಿರಲಿಲ್ಲವೆಂಬ ವಾದಕ್ಕೆ ಎಡೆಗೊಡದೆ, ಸುರಿದವರ ಮೇಲೂ ಭೂಮಿಯ ಈಗಿನ ಒಡೆಯರ ಮೇಲೂ ಹೊಣೆ ಹೊರಿಸಿದುದರಿಂದ ಈ ಕ್ರಮಕ್ಕೆ ಮಹತ್ತ್ವವೊದಗಿತು.

ವಿಮಾ ಉದ್ಯಮದ 1966ರ ಮಾದರಿ ನಮೂನೆಯ ವಿಮಾಪತ್ರಗಳು ಹಾನಿ ಸಂಭವಿಸಿದ ಅವಧಿಯನ್ನು ಗಣಿಸುತ್ತಿದ್ದುವೇ ಹೊರತು ಪರಿಹಾರ ಕೇಳಿದ ಕಾಲವನ್ನಲ್ಲ. ಆದಕಾರಣ ಆ ದಶಕದ ಕೊನೆಯಲ್ಲಿ ಡ್ರೈಕ್ಲೀನಿಂಗ್ ಅಂಗಡಿಯೊಂದರ ನೆಲದ ಬಿರುಕಿನಿಂದ ಸೋರಿದ ಪರ್‌ಕ್ಲೋರೋಎಥಿಲೀನ್ ದ್ರಾವಕವು, ನೀರಿಗಿಂತ ಭಾರವಾದುದರಿಂದ ಅಂತರ್ಜಲದ ಆಳಕ್ಕಿಳಿದು, ಬಹುಕಾಲದ ಮೇಲೆ ನೆರೆಯವರ ಬಾವಿಯಲ್ಲಿ ಕಾಣಿಸಿಕೊಂಡರೂ, ಅಂದು ಕಂತು ಸ್ವೀಕರಿಸಿದ ಸಂಸ್ಥೆಯನ್ನು ಕೇಳುವ ಹಕ್ಕು ಉಳಿದಿರಬಹುದು. 1973ರ ನಮೂನೆಯು ಹಠಾತ್ತಾಗಿಯೂ ಆಕಸ್ಮಿಕವಾಗಿಯೂ ಆಗದ ಮಾಲಿನ್ಯವನ್ನು ಹೊರಗಿಟ್ಟಿತು. ಆದರೆ ಈ ನಿಬಂಧನೆಗೆ ಅನುಮತಿ ಪಡೆಯುವಾಗ ವಿಮಾ ಉದ್ಯಮವು ಅಧಿಕಾರಿಗಳಿಗೆ ಅದರ ನಿಜವಾದ ವ್ಯಾಪ್ತಿಯನ್ನು ತಿಳಿಸಲಿಲ್ಲವೆಂದು ಕಂಡ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯವು, 1993ರ ಮಾರ್ಟನ್ ಇಂಟರ್‌ನ್ಯಾಷನಲ್ ತೀರ್ಪಿನಲ್ಲಿ ಅದನ್ನು ಅಕ್ಷರಶಃ ಅನ್ವಯಿಸಲೊಪ್ಪಲಿಲ್ಲ. ಇದು ನ್ಯಾಯೋಚಿತವಾದ ನಿರ್ಣಯವೆಂದೇ ಹೇಳಬೇಕು. ಎಲ್ಲ ರಾಜ್ಯಗಳೂ ಈ ಮಾರ್ಗವನ್ನನುಸರಿಸಲಿಲ್ಲ. 1986ರ ನಮೂನೆಯಲ್ಲಿ ಮಾಲಿನ್ಯವು ಬಹುತೇಕ ಸಂಪೂರ್ಣವಾಗಿ ವರ್ಜಿತವಾದುದರಿಂದ ಹಿಂದಿನ ಪತ್ರಗಳ ಬೆಲೆ ಹೆಚ್ಚಿತು.

ಮೂಲಪತ್ರ ಕಳೆದುಹೋಗಿದ್ದರೆ ಲೆಕ್ಕದ ಪುಸ್ತಕ, ಆಡಳಿತ ಮಂಡಲಿಯ ನಡಾವಳಿ, ದಲ್ಲಾಳಿಯ ಕಡತ, ಗುತ್ತಿಗೆಗೆ ಲಗತ್ತಿಸಿದ ವಿಮಾ ಪ್ರಮಾಣಪತ್ರ ಇವುಗಳಿಂದ ಅದರ ಅಸ್ತಿತ್ವವನ್ನೂ ನಿಬಂಧನೆಗಳನ್ನೂ ರುಜುವಾತುಪಡಿಸುವ ವೃತ್ತಿನಿರತರುಂಟು. ಬೃಹದುದ್ಯಮಗಳಿಗಿಂತ, ಶುದ್ಧೀಕರಣದ ವೆಚ್ಚದಲ್ಲಿ ಸರ್ವಸ್ವವನ್ನೂ ಕಳೆದುಕೊಳ್ಳಬಹುದಾದ ಸಣ್ಣ ಅಂಗಡಿಕಾರರಿಗೇ ಇಂಥವರ ಶ್ರಮ ಅತ್ಯಂತ ಉಪಕಾರಕವಾದುದು.