ಗ್ಲೋವ್ ಬಾಕ್ಸ್ ಹಿಂದಿನ ಇತಿಹಾಸ

ಕಾರಿನ ಗಾಜು ಏರಿಸಿ ಎಸಿ ಹಾಕಿದ್ರೆ ಧೂಳಿನ ಕಾಟ ಮುಗೀತು ಅಂದ್ಕೋತೀವಿ. ಹಿಂದೆ ಬಹುತೇಕ ಕಾರುಗಳ ಹೀಟರ್ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಬಿಸಿ ಮಾಡುತ್ತಿತ್ತು. 1938ರಲ್ಲಿ ಅಮೆರಿಕದ ನ್ಯಾಶ್ ಕಂಪನಿ ಹೊರಗಿನ ಗಾಳಿಯನ್ನು ಎಳೆದು, ಸೋಸಿ, ಬಿಸಿ ಮಾಡಿ ಒಳಗೆ ಬಿಡುವ ವ್ಯವಸ್ಥೆ ತಂತು. ಒಳಗಿನ ಒತ್ತಡ ಕೊಂಚ ಹೆಚ್ಚಿರುತ್ತಿದ್ದರಿಂದ ಸಂದಿಗಳಿಂದ ಧೂಳು ನುಗ್ಗುವುದೂ ತಪ್ಪಿತು.

ಆದರೆ ಸೋಸಿದ ಕೊಳೆ ಮಾಯವಾಗಲ್ಲ, ಫಿಲ್ಟರ್‌ನಲ್ಲೇ ಕೂರುತ್ತೆ. ಈಗ ಹಲವು ಕಾರುಗಳಲ್ಲಿ ಅದರ ಜಾಗ ಗ್ಲೋವ್ ಬಾಕ್ಸ್ ಹಿಂದೆ. ಬಾಕ್ಸ್ ಇಳಿಸಿ, ಹಳೇದನ್ನು ಎಳೆದು, ಬಾಣದ ಗುರುತು ನೋಡಿ ಹೊಸದನ್ನು ತೂರಿಸಿ. ಮನೇಲೇ ಆಗೋ ಕೆಲಸ. ಹಳೇದನ್ನು ಎಸೆಯೋ ಮುಂಚೆ ಅದರ ಬಣ್ಣ ನೋಡಿ: ಸಿಗ್ನಲ್‌ನಲ್ಲಿ ನಿಂತ ಟ್ರಾಫಿಕ್ ಪೊಲೀಸರಿಗೆ ಫಿಲ್ಟರ್ ಇಲ್ಲ.