ಮಾರಿಕಣಿವೆಯ ನೀರಂಚು

ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿರುವ ವಾಣಿವಿಲಾಸ ಸಾಗರದ ಕಥೆಯನ್ನು ಎಲ್ಲರೂ ಕಟ್ಟೆಯಿಂದಲೇ ಶುರು ಮಾಡುತ್ತಾರೆ. 1898ರಲ್ಲಿ ಕೆಲಸ ಆರಂಭ, 1907ರಲ್ಲಿ ಮುಕ್ತಾಯ. ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ. ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ‘ವಾಣಿವಿಲಾಸ ಸನ್ನಿಧಾನ’ ಎಂಬ ಬಿರುದಿನಿಂದ ಬಂದ ಹೆಸರು. ಯಲ್ಲದಕೆರೆಯಲ್ಲಿ ಮೇಷ್ಟ್ರಾಗಿದ್ದಾಗ ನಾನೂ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟೆ. ಆದರೆ ಚಳಿಗಾಲ ಬಂತೆಂದರೆ ಬೈನಾಕ್ಯುಲರ್ ಹಿಡಿದು ಹಿನ್ನೀರಿನ ಕಡೆ ನಡೆಯುವ ನನಗೆ ಇಲ್ಲಿ ಓದಲು ಸಿಗುವುದು ನೀರಂಚಿನ ಚರಿತ್ರೆ.

ಬಾಬಾಬುಡನ್‌ಗಿರಿಯ ಸೀಮೆಯಿಂದ ಇಳಿದು ಬರುವ ವೇದಾ, ಅವತಿ ಹೊಳೆಗಳು ಕಡೂರಿನ ಕಡೆ ಕೂಡಿ ವೇದಾವತಿಯಾಗುತ್ತವೆ. ಮಳೆ ಬೀಳುವುದು ಅಲ್ಲಿ, ನೀರು ನಿಲ್ಲುವುದು ಇಲ್ಲಿ. ನಮ್ಮದು ಮಳೆನೆರಳಿನ ಸೀಮೆ: ಜಾಲಿ, ಕುರುಚಲು, ರಾಗಿ, ಶೇಂಗಾ. ಜಲಾಶಯಕ್ಕೆ 30 ಟಿಎಂಸಿ ಹಿಡಿಯುವ ಹೊಟ್ಟೆ, 130 ಅಡಿ ಮಟ್ಟ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷ ಕೆರೆ ತುಂಬಲಿಲ್ಲವಲ್ಲ ಎಂದು ರೈತರು ಕೊರಗಿದರು, ಹೊರೆ ಹೊತ್ತವರ ಕೊರಗು ನ್ಯಾಯವೇ. ಆದರೆ ಅದೇ ಖಾಲಿ ಜಾಗ ಹಕ್ಕಿಗಳ ಪಾಲಾಗಿತ್ತು.

ದೀಪಾವಳಿ ಕಳೆದ ಮೇಲೆ ನೀರು ಇಳಿಯತೊಡಗಿದರೆ ತೇವದ ಮಣ್ಣು ಮೇಲೆ ಬರುತ್ತದೆ, ಎಳೆಹುಲ್ಲು ಚಿಗುರುತ್ತದೆ. ಅಲ್ಲಲ್ಲಿ ಜನ ಕಡಲೆ ಬಿತ್ತುವುದೂ ಉಂಟು. ಪಟ್ಟೆತಲೆ ಹೆಬ್ಬಾತು ಬೇಡುವುದು ಇದನ್ನೇ. ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯ ದಾಟಿ ದಕ್ಷಿಣಕ್ಕೆ ಬರುವ ಈ ಹಕ್ಕಿ ಹಗಲಲ್ಲಿ ನೀರಂಚಿನಲ್ಲಿ ವಿಶ್ರಮಿಸಿ, ಸಂಜೆ ಮುಂಜಾನೆ ಹುಲ್ಲು, ಎಳೆ ಪೈರು ಮೇಯುತ್ತದೆ. ಗದಗದ ಮಾಗಡಿ ಕೆರೆ, ಮೈಸೂರಿನ ಹದಿನಾರು ಕೆರೆ ಇದರಿಂದಲೇ ಹೆಸರು ಪಡೆದಿವೆ. ಗೊರವ, ಮೆಟ್ಟುಗಾಲು ಹಕ್ಕಿಗಳಿಗಾದರೂ ಅಷ್ಟೆ, ಕಾಲು ಊರುವಷ್ಟು ನೀರು, ಕೊಕ್ಕು ಇಳಿಯುವಷ್ಟು ಕೆಸರು ಬೇಕು. ಆಳದ ನೀರು ನಾಮದಕೋಳಿಗೂ ನೀರುಕಾಗೆಗೂ ಸರಿ. ಹಿನ್ನೀರಿನಲ್ಲಿ ಬಲೆ ಬಿಡುವ ಒಬ್ಬ ಅಜ್ಜ ನನಗೆ ಇದನ್ನು ಯಾವ ಪುಸ್ತಕಕ್ಕಿಂತಲೂ ಮೊದಲೇ ಹೇಳಿದ್ದ: “ನೀರ್ ಇಳಿದ್ರೆ ಹಕ್ಕಿ ಇಳೀತಾವೆ, ಮೇಷ್ಟ್ರೇ. ನೀರ್ ಏರಿದ್ರೆ ಅವು ಬೇರೆ ಕೆರೆ ನೋಡ್ಕೊಂತಾವೆ.”

ಹಕ್ಕಿಗಳ ಹಳೆಯ ಲೆಕ್ಕ ನಮಗೆ ಸಿಗುವುದು ಬಹುಪಾಲು ಬಂದೂಕಿನವರಿಂದ. ಸಂಸ್ಥಾನದ ಕಾಲದಲ್ಲಿ ಬಾತುಕೋಳಿ ಎಂದರೆ ಶಿಕಾರಿ. ಊರಿನವರ ಕೈಯಲ್ಲಿ ಉರುಲು, ಬಲೆ. 1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಅದರ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಆಗಲೂ ಹಕ್ಕಿಯನ್ನು ಗುರುತಿಸಲು ಹೊಡೆದು, ಚರ್ಮ ಸುಲಿದು ಇಡುವುದೇ ಪದ್ಧತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. 1987ರಿಂದ ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿ ನಡೆಯುತ್ತಿದೆ. ನೋಡಿ ಎಣಿಸುವುದೇ ಸಾಕು ಎನ್ನುವ ಈ ಪದ್ಧತಿಯನ್ನು ನಾನು ಕೈಮುಗಿದು ಒಪ್ಪುತ್ತೇನೆ.

ಒಂದು ಮಾತು ಮಾತ್ರ ಸೇರಿಸಬೇಕು. ಹಕ್ಕಿಯ ಸಂಖ್ಯೆಯ ಪಕ್ಕದಲ್ಲಿ ಆ ದಿನದ ನೀರಿನ ಮಟ್ಟ ಬರೆಯದಿದ್ದರೆ ಆ ಲೆಕ್ಕ ಅರ್ಧ. 2019ರ ನಂತರ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಬರತೊಡಗಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಚಳಿಗಾಲದ ನಟ್ಟನಡುವೆ. ಹಿರಿಯೂರಿನ ಜನ ನೋಡಲು ಮುಗಿಬಿದ್ದರು, ನಾನೂ ಸಂತೋಷಪಟ್ಟೆ. ಆದರೆ ಅಂಗಳವೆಲ್ಲ ಮುಳುಗಿದಾಗ ಹೆಬ್ಬಾತು ಬಾರದಿದ್ದರೆ “ಹಕ್ಕಿ ಕಮ್ಮಿಯಾಯ್ತು” ಎಂದು ಬರೆದುಕೊಳ್ಳುವುದು ತಪ್ಪು. ಅವು ಸುತ್ತಲಿನ ಸಣ್ಣ ಕೆರೆಗಳಿಗೆ, ಗಾಯತ್ರಿ ಜಲಾಶಯದ ಅಂಚಿಗೆ ಹೋಗಿರಬಹುದು. ಮೊದಲು ಅಲ್ಲಿ ನೋಡಬೇಕು.

ಹಾಗೆ ಹೋದ ಹಕ್ಕಿಗೆ ಆ ಸಣ್ಣ ಕೆರೆಗಳಲ್ಲೂ ಆಳವಿಲ್ಲದ ಅಂಚು ಸಿಗಬೇಕು. ಹಾಗಾಗಿ ನಮ್ಮ ಕಡೆ ಹೂಳು ತೆಗೆಯುವವರಲ್ಲಿ ನನ್ನದೊಂದು ಬೇಡಿಕೆ. ಕೆರೆಯನ್ನು ಸುತ್ತಲೂ ಬಾವಿಯಂತೆ ನೆಟ್ಟಗೆ ಕಡಿಯಬೇಡಿ. ಒಂದು ಕಡೆಯಾದರೂ ಇಳಿಜಾರು ಬಿಡಿ, ದನಕ್ಕೂ ನೀರಿಗಿಳಿಯಲು ಅದೇ ದಾರಿ.