ಸಭಾ ನಾಯಕತ್ವ ಮತ್ತು ಸಭಾವೃದ್ಧಿ (ಬಳ್ಳಾರಿ ಕಂಟೋನ್ಮೆಂಟ್)

ಕ್ರೈಸ್ತ ಸಭೆಯೊಂದು ಸದಸ್ಯರ ಸಂಖ್ಯೆಯಲ್ಲಿ ಹೆಚ್ಚುವುದನ್ನೂ ತನ್ನ ಆಡಳಿತ, ಖರ್ಚು, ಬೋಧನೆಗಳನ್ನು ತಾನೇ ನಿಭಾಯಿಸುವಷ್ಟು ಬಲಿಯುವುದನ್ನೂ ಸಭಾವೃದ್ಧಿ ಎನ್ನುತ್ತಾರೆ. ಬಳ್ಳಾರಿ ನಗರದ ಕಂಟೋನ್ಮೆಂಟ್ ಮತ್ತು ಅದಕ್ಕೆ ಹೊಂದಿಕೊಂಡ ಕೌಲ್ ಬಜಾರಿನ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಈ ಎರಡು ಬೆಳವಣಿಗೆಗಳು ಜೊತೆಜೊತೆಯಾಗಿ ನಡೆಯಲಿಲ್ಲ. ಸಭಾಪಾಲಕರ ತರಬೇತಿಗೆ ಇಲ್ಲಿನ ಚರಿತ್ರೆ ಉಪಯುಕ್ತವಾಗಿರುವುದು ಆ ಕಾರಣಕ್ಕೇ.

ಹಿನ್ನೆಲೆ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿಯೂ ಸೇರಿದ ದತ್ತ ಮಂಡಲಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಸೇನಾನೆಲೆಯಾಗಿ ಬೆಳೆಯಿತು. ದಂಡಿನ ಹಿಂದೆ ತಮಿಳು ಮಾತಾಡುವ ಅಡುಗೆಯವರು, ಬಟ್ಲರುಗಳು, ಕುದುರೆ ನೋಡಿಕೊಳ್ಳುವವರು ಬಂದರು. ಸುತ್ತಲಿನ ಜನ ಕನ್ನಡಿಗರು, ತೆಲುಗರು. ಪೇಟೆಯಲ್ಲಿ ಉರ್ದುವೂ ಇತ್ತು. ಮುಂದೆ ಹುಟ್ಟಿದ ಸಭೆ ಈ ಭಾಷಾ ಬೆರಕೆಯನ್ನು ಮೊದಲ ದಿನದಿಂದಲೇ ಹೊತ್ತುಕೊಂಡಿತು.

ಲಂಡನ್ ಮಿಷನ್ ಮತ್ತು ಹ್ಯಾಂಡ್ಸ್

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಈ ಸಂಸ್ಥೆ 1796ರಲ್ಲೇ ಒಂದು ಮೂಲತತ್ವವನ್ನು ಒಪ್ಪಿಕೊಂಡಿತ್ತು: ಬಿಷಪ್ ಆಡಳಿತ, ಹಿರಿಯರ ಮಂಡಲಿಯ ಆಡಳಿತ, ಸ್ವತಂತ್ರ ಸಭೆಯ ಆಡಳಿತ ಇವುಗಳಲ್ಲಿ ಯಾವುದನ್ನೂ ಹೊಸ ವಿಶ್ವಾಸಿಗಳ ಮೇಲೆ ಹೇರದೆ ಆಯ್ಕೆಯನ್ನು ಅವರಿಗೇ ಬಿಡುವುದು. ಕಾಗದದ ಮೇಲೆ ಇದಕ್ಕಿಂತ ಉದಾರವಾದ ನಿಯಮ ಆ ಕಾಲದಲ್ಲಿ ಸಿಗುವುದು ಕಷ್ಟ. ಆದರೆ ಸಂಬಳ, ಕಟ್ಟಡ, ಶಾಲೆಗಳ ಹಣ ಲಂಡನ್ನಿನಿಂದ ಬರುತ್ತಿರುವವರೆಗೆ ತೀರ್ಮಾನವೂ ಬಹುಮಟ್ಟಿಗೆ ಮಿಷನರಿಯ ಕೈಯಲ್ಲೇ ಉಳಿಯಿತು.

ಮೊದಲ ವರ್ಷಗಳಲ್ಲಿ ಆರಾಧನೆಗೆ ಸೇರುತ್ತಿದ್ದವರಲ್ಲಿ ಇಂಗ್ಲಿಷ್ ಸಿಪಾಯಿಗಳೇ ಹೆಚ್ಚು. ರೆಜಿಮೆಂಟು ಬದಲಾದರೆ ಸಭೆಯೂ ಕರಗುತ್ತಿತ್ತು. ದೇಶೀಯರ ದೀಕ್ಷಾಸ್ನಾನ ಬಹಳ ತಡವಾಯಿತು. ಈ ನಡುವೆ ಹ್ಯಾಂಡ್ಸ್ ತಮ್ಮ ಶಕ್ತಿಯನ್ನು ಭಾಷಾಂತರಕ್ಕೆ ಹಾಕಿದರು. ಪಂಡಿತರ ನೆರವಿನಿಂದ ಸಿದ್ಧವಾದ ಕನ್ನಡ ಹೊಸ ಒಡಂಬಡಿಕೆ 1820ರ ಸುಮಾರಿಗೆ ಅಚ್ಚಾಯಿತು. ಇಡೀ ಬೈಬಲ್ 1831ರ ವೇಳೆಗೆ ಬಳ್ಳಾರಿಯ ಮಿಷನ್ ಮುದ್ರಣಾಲಯದಿಂದ ಹೊರಬಂತು. ಸಹೋದ್ಯೋಗಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದರು. ಹ್ಯಾಂಡ್ಸರ ಭಾಷೆ ಒರಟೆಂಬ ದೂರು ಬಂದು, ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗಲ್ ಮುಂತಾದವರು ಪರಿಷ್ಕರಣೆಗೆ ತೊಡಗಿದರು. ಹಾಗಿದ್ದರೂ ಕನ್ನಡ ಸಭೆಗಳಿಗೆ ಓದಲು, ಬೋಧಿಸಲು ಸಮಗ್ರ ಪಠ್ಯ ಮೊದಲು ದೊರೆತದ್ದು ಈ ದಂಡಿನ ಊರಿನಿಂದ. ಸಭೆ ಸೇರಿದವರ ಎಣಿಕೆಯಲ್ಲಿ ಇಂಥ ಕೆಲಸ ಕಾಣುವುದಿಲ್ಲ.

ದೇಶೀಯ ನಾಯಕತ್ವ

ಹ್ಯಾಂಡ್ಸರ ಕೈಕೆಳಗೆ ತಯಾರಾದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಹೋಗಿ ಅಲ್ಲಿನ ಮಿಷನ್ ಆರಂಭಿಸಿದರು. ಒಂದು ಸಣ್ಣ ಸಭೆ ತನ್ನ ಒಳ್ಳೆಯ ಆಳನ್ನು ಬೇರೆ ಊರಿಗೆ ಬಿಟ್ಟುಕೊಟ್ಟ ಆರಂಭಿಕ ಉದಾಹರಣೆ ಇದು. ಸಂಖ್ಯೆಯ ಲೆಕ್ಕದಲ್ಲಿ ಬಳ್ಳಾರಿಗೆ ನಷ್ಟವೇ.

ಇದಕ್ಕಿಂತ ಮುಖ್ಯರಾದವರು ಸ್ಯಾಮುಯೆಲ್ ಫ್ಲೇವಲ್. ತಮಿಳು ಮೂಲದ ಇವರು ಬೆಂಗಳೂರಿನಲ್ಲಿ ಬೋಧಕರಾಗಿದ್ದು, 1827ರ ಸುಮಾರಿಗೆ ಬಳ್ಳಾರಿಗೆ ಬಂದು 1847ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಸೇವೆ ಮಾಡಿದರು. ಮಿಷನರಿಗಳು ಕಾಯಿಲೆ, ರಜೆ, ವರ್ಗಾವಣೆಗಳಿಂದ ಬಂದುಹೋಗುತ್ತಿದ್ದಾಗ ತಮಿಳು ಸಭೆಗೆ ಇಷ್ಟು ದೀರ್ಘಕಾಲ ಒಬ್ಬನೇ ಪಾಲಕ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಕನ್ನಡ ಸಭೆಗೆ ಇಂಥ ಅದೃಷ್ಟ ಆ ಕಾಲದಲ್ಲಿ ಒದಗಲಿಲ್ಲ. ಬಳ್ಳಾರಿಯಲ್ಲಿ ಕನ್ನಡದ ಕೆಲಸ ನಿಧಾನವಾಗಲು ಇದೂ ಒಂದು ಕಾರಣವಿರಬಹುದು.

ಶಾಲೆಯೋ ಸಭೆಯೋ

ಜಾನ್ ಸ್ಮಿತ್ ವಾರ್ಡ್‌ಲಾ ಅವರ ಹೆಸರು ಹೊತ್ತ ಶಾಲೆ 1846ರಲ್ಲಿ ಆರಂಭವಾಯಿತು. ಅದು ಪೇಟೆಯ ಮೇಲ್ವರ್ಗದ ಹುಡುಗರನ್ನು ಸೆಳೆದು ಬಳ್ಳಾರಿಯ ಸಾರ್ವಜನಿಕ ಬದುಕಿಗೆ ಓದಿದವರನ್ನು ಕೊಟ್ಟಿತು. ಸಭೆಗೆ ಕೊಟ್ಟದ್ದು ಕಡಿಮೆ. ಇದಕ್ಕೆ ಬದಲಾಗಿ, ಲಂಡನ್ ಮಿಷನ್ನಿನದೇ ಆದ ಕಡಪಾ ಕ್ಷೇತ್ರದಲ್ಲಿ 1850ರ ದಶಕದಿಂದ ಮಾಲ ಸಮುದಾಯದ ಕುಟುಂಬಗಳು, ಕೆಲವೆಡೆ ಇಡೀ ಕೇರಿಗಳೇ, ಒಟ್ಟಾಗಿ ಸಭೆ ಸೇರತೊಡಗಿದವು. ಅಲ್ಲಿ ಕೆಲಸ ನಡೆಸಿದವರು ಹಳ್ಳಿಯಲ್ಲೇ ವಾಸವಿದ್ದ ಉಪದೇಶಿಗಳು. ಹಳ್ಳಿಯವರೊಂದಿಗೆ ಅವರಿಗಿದ್ದ ಸಲುಗೆ ಬಂಗಲೆಯಿಂದ ಪ್ರವಾಸ ಹೊರಡುತ್ತಿದ್ದ ಮಿಷನರಿಗೆ ಸಾಧ್ಯವಿರಲಿಲ್ಲ.

ಸಭಾವೃದ್ಧಿಗೆ ಸಂಖ್ಯೆಯೊಂದೇ ಅಳತೆಗೋಲೇ ಎಂಬ ಪ್ರಶ್ನೆಯನ್ನು ಬಳ್ಳಾರಿಯಲ್ಲಿ ದುಡಿದ ಮಿಷನರಿ ಬರ್ನಾರ್ಡ್ ಲ್ಯೂಕಾಸ್ ನೇರವಾಗಿ ಎತ್ತಿದರು. ‘ದಿ ಎಂಪೈರ್ ಆಫ್ ಕ್ರೈಸ್ಟ್’ (1907), ‘ಅವರ್ ಟಾಸ್ಕ್ ಇನ್ ಇಂಡಿಯಾ’ (1914) ಕೃತಿಗಳಲ್ಲಿ, ಒಬ್ಬೊಬ್ಬರನ್ನು ಮತಾಂತರಿಸಿ ಎಣಿಸುವುದಕ್ಕಿಂತ ದೇಶದ ಒಟ್ಟು ಬದುಕಿನೊಳಗೆ ಕ್ರಿಸ್ತನ ಸಂದೇಶ ಇಳಿಯುವುದು ಹೆಚ್ಚಿನದೆಂದು ಅವರು ವಾದಿಸಿದರು. ಸಹೋದ್ಯೋಗಿಗಳೆಲ್ಲ ಇದನ್ನು ಒಪ್ಪಲಿಲ್ಲ. ಈ ವಾದಕ್ಕೆ ಎದುರು ದಿಕ್ಕಿನಲ್ಲಿ, ಮಧ್ಯ ಭಾರತದ ದಮೋಹದಲ್ಲಿ ಹುಟ್ಟಿದ ಮಿಷನರಿ ಡೊನಾಲ್ಡ್ ಮೆಕ್‌ಗಾವ್ರನ್ ‘ದಿ ಬ್ರಿಜಸ್ ಆಫ್ ಗಾಡ್’ (1955) ಮೂಲಕ ಬಂಧುಬಳಗದ ದಾರಿಯಲ್ಲೇ ಸಭೆ ಬೆಳೆಯುತ್ತದೆಂಬ ಸಿದ್ಧಾಂತ ಮಂಡಿಸಿದರು. ಕಡಪಾದ ಹಳ್ಳಿಗಳು ಅದನ್ನು ಸಮರ್ಥಿಸುತ್ತವೆ. ಮೂರು ನಾಲ್ಕು ಭಾಷೆಗಳವರು ಒಂದೇ ಆವರಣ ಹಂಚಿಕೊಂಡ ಕಂಟೋನ್ಮೆಂಟ್ ಅದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಕುಲದ ಗೆರೆಯನ್ನೇ ಸಭೆಯ ಗೆರೆಯಾಗಿ ಒಪ್ಪಿಬಿಡುವ ಅಪಾಯವೂ ಆ ಸಿದ್ಧಾಂತದಲ್ಲಿದೆ.

1947ರ ನಂತರ

ಲಂಡನ್ ಮಿಷನ್ನಿನ ಸಭೆಗಳು 1908ರ ದಕ್ಷಿಣ ಭಾರತ ಐಕ್ಯ ಸಭೆಯ ಮೂಲಕ, 1947ರ ಸೆಪ್ಟೆಂಬರ್ 27ರಂದು ಸ್ಥಾಪನೆಯಾದ ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಸೇರಿದವು. ಸ್ವತಂತ್ರ ಸಭೆಯ ಪದ್ಧತಿಯಲ್ಲಿ ಬೆಳೆದವರಿಗೆ ಬಿಷಪ್ ಬಂದರು. ಸ್ಥಳೀಯ ಸಭೆಯ ಆಡಳಿತ ಸಮಿತಿಯಾದ ಪಾಸ್ಟರೇಟ್ ಕಮಿಟಿ ಉಳಿಯಿತಾದರೂ ಸಭಾಪಾಲಕರ ವರ್ಗಾವಣೆ ಡಯಾಸಿಸ್ಸಿನ (ಬಿಷಪ್ಪರ ಆಡಳಿತ ಪ್ರಾಂತದ) ತೀರ್ಮಾನವಾಯಿತು. ಇದರಿಂದ ಸ್ಥಳೀಯ ಬಣಗಳ ಹಿಡಿತ ಸಡಿಲಿದ್ದೂ ಉಂಟು, ಹೊಸ ಸಭಾಪಾಲಕರು ಮನೆಮನೆಯ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಹೊರಡಬೇಕಾದದ್ದೂ ಉಂಟು.

ಸಿ.ಎಸ್.ಐ. ಹೊರಗಿನ ಪೆಂಟೆಕಾಸ್ಟ್ ಹಾಗೂ ಯಾವ ಮಿಷನ್ನಿಗೂ ಸೇರದ ಸಭೆಗಳಲ್ಲಿ ಸಾಮಾನ್ಯವಾಗಿ ಮನೆಕೂಟ, ಉಪವಾಸ ಪ್ರಾರ್ಥನೆ, ದಶಮಾಂಶಗಳು ಬೆಳವಣಿಗೆಯ ಆಧಾರ. ಪಾಸ್ಟರ್ ಸ್ಥಾಪಿಸಿದ ಸಭೆಯಲ್ಲಿ ಲೆಕ್ಕಪತ್ರವನ್ನು ಯಾರು ನೋಡಬೇಕು, ಅವರ ನಂತರ ಯಾರು ಎಂಬ ಎರಡು ಪ್ರಶ್ನೆಗಳು ಬೇಗನೆ ಏಳುತ್ತವೆ. ಹೊಸಬರನ್ನು ಸಭೆಗೆ ಸೇರಿಸಿಕೊಳ್ಳುವುದರಲ್ಲಿ ಕಾನೂನಿನ ಪ್ರಶ್ನೆಯೂ ಎದ್ದಿತು: 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮವು ಮತಾಂತರಕ್ಕೆ ಮುಂಚಿತ ಘೋಷಣೆಯನ್ನು ಕಡ್ಡಾಯ ಮಾಡಿತು. ಅದನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು.